ಕೆಟ್ಟ ಸೂಪರ್‌ಹೀರೋ ಸಿನಿಮಾ ಅಂತ ಗೊತ್ತು, ಆದ್ರೂ ಮೂರನೇ ಸಲ ನೋಡಿದೆ. ನನಗೇನಾಗಿದೆ?

ಫ್ರಿಜ್‌ಬಾಗಿಲು
ಮೊದಲೇ ಹೇಳಿಬಿಡುತ್ತೇನೆ, ಬೈಯಬೇಡಿ. ಭಾನುವಾರ ಮನೆಯಲ್ಲಿ ಕೂತು 1997ರ ಬ್ಯಾಟ್‌ಮ್ಯಾನ್ ಅಂಡ್ ರಾಬಿನ್ ನೋಡಿದೆ. ಹೌದು, ಅದೇ. ಜಾರ್ಜ್ ಕ್ಲೂನಿ ಬ್ಯಾಟ್‌ಮ್ಯಾನ್, ಅರ್ನಾಲ್ಡ್ ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಖಳನಾಯಕ ಮಿಸ್ಟರ್ ಫ್ರೀಜ್, ಉಮಾ ಥರ್ಮನ್ ಖಳನಾಯಕಿ ಪಾಯ್ಸನ್ ಐವಿ.

ಮೊದಲ ಸಲ ನೋಡಿದ್ದು ಹೈಸ್ಕೂಲಿನಲ್ಲಿದ್ದಾಗ, ಬಾಡಿಗೆಗೆ ತಂದ ವಿಸಿಡಿಯಲ್ಲಿ. ಎರಡು ಡಿಸ್ಕ್. ಎರಡನೆಯದು ಅರ್ಧಕ್ಕೆ ನಿಂತು ಅರ್ನಾಲ್ಡ್ ಮುಖ ಚೌಕ ಚೌಕವಾಗಿ ಒಡೆದುಹೋಯಿತು. ಅಣ್ಣ ಡಿಸ್ಕ್ ತೆಗೆದು ಬನಿಯನ್‌ಗೆ ಒರೆಸಿ ಮತ್ತೆ ಹಾಕಿದ, ಆಗಲೂ ಅಲ್ಲೇ ನಿಂತಿತು. ಕೊನೆಗೆ ಏನಾಯಿತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ, ಎರಡನೇ ಸಲ ನೋಡಿದಾಗ.

ಈಗ ಮಗಳಿಗೆ ಒಂಬತ್ತು ವರ್ಷ. ಅವಳ ಜೊತೆ ನೋಡಿದೆ. ಶುರುವಿನಲ್ಲೇ ಮ್ಯೂಸಿಯಂ ತುಂಬಾ ಹಿಮ. ಬ್ಯಾಟ್‌ಮ್ಯಾನೂ ರಾಬಿನ್ನೂ ಹಿಮ್ಮಡಿ ಹಿಮ್ಮಡಿ ತಾಗಿಸುತ್ತಾರೆ, ಬೂಟಿನ ಕೆಳಗಿಂದ ಸ್ಕೇಟಿಂಗ್ ಬ್ಲೇಡು ಬರುತ್ತದೆ! ಇವತ್ತು ಹಿಮ ಇರುತ್ತದೆ ಅಂತ ಅವರಿಗೆ ಹೇಗೆ ಗೊತ್ತು? ಆಮೇಲೆ ಕಳ್ಳರ ಜೊತೆ ವಜ್ರ ಇಟ್ಟುಕೊಂಡು ಹಾಕಿ ಆಡುತ್ತಾರೆ. ನನ್ನ ಮಗಳು ಸೋಫಾದಿಂದ ಕೆಳಗೆ ಬಿದ್ದು ನಕ್ಕಳು. ನಾನೂ ನಕ್ಕೆ.

ಪ್ರಶ್ನೆ ಇಷ್ಟೇ. ಇದು ಕೆಟ್ಟ ಸಿನಿಮಾ, ಅದರಲ್ಲಿ ನನಗೆ ಅನುಮಾನ ಇಲ್ಲ. ಹಾಗಾದರೆ ಒಳ್ಳೆಯದು ಅಂತ ಎಲ್ಲರೂ ಹೇಳುವ ಎಷ್ಟೋ ಸೂಪರ್‌ಹೀರೋ ಸಿನಿಮಾಗಳನ್ನು ಅರ್ಧಕ್ಕೆ ನಿಲ್ಲಿಸಿದವನು ಇದನ್ನು ಯಾಕೆ ಪೂರ್ತಿ ನೋಡುತ್ತೇನೆ?

ಬೆಣ್ಣೆದೋಸೆ
ವಯಸ್ಸಾಯ್ತು ಗುರು ನಿಂಗೆ. ಅಷ್ಟೇ.

ಕಾಮಿಕ್ಸ್‌ಪೆಟ್ಟಿಗೆ
ನಿಮಗೆ ನಗು, ನಮಗೆ ಸಂಕಟ. ಬೇನ್ ಅನ್ನೋ ಪಾತ್ರ ಇದೆಯಲ್ಲ, ಕಾಮಿಕ್ಸ್‌ನಲ್ಲಿ ಅವನು ಭಾರೀ ಬುದ್ಧಿವಂತ. 1993ರಲ್ಲಿ ಬ್ಯಾಟ್‌ಮ್ಯಾನನ ಬೆನ್ನುಮೂಳೆ ಮುರಿದವನು. ಈ ಸಿನಿಮಾದಲ್ಲಿ ಅವನನ್ನು ಐವಿಯ ಕಾರ್ ಓಡಿಸುವ ಡ್ರೈವರ್ ಮಾಡಿದ್ದಾರೆ! ಬಾಯಲ್ಲಿ ಒಂದೊಂದೇ ಪದ, ಅದೂ ಗುರ್ರ್ ಅಂತ. ಬ್ಯಾಟ್‌ಗರ್ಲ್ ಕಾಮಿಕ್ಸ್‌ನಲ್ಲಿ ಪೊಲೀಸ್ ಕಮಿಷನರ್ ಗಾರ್ಡನ್ ಮಗಳು, ಇಲ್ಲಿ ಬ್ಯಾಟ್‌ಮ್ಯಾನ್ ಮನೆಯ ಅಡುಗೆ-ಚಾಕರಿ ನೋಡಿಕೊಳ್ಳುವ ಆಲ್ಫ್ರೆಡ್‌ನ ತಂಗಿಯದೋ ಯಾರದೋ ಮಗಳು. ಬ್ಯಾಟ್ ಕ್ರೆಡಿಟ್ ಕಾರ್ಡ್ ಬಗ್ಗೆ ನಾನು ಮಾತೇ ಆಡಲ್ಲ.

ಸುಮ್ನೆ_ಓದುವವಳು
ಆಡಿ ಆಡಿ. ಬ್ಯಾಟ್ ಕ್ರೆಡಿಟ್ ಕಾರ್ಡ್ ಅಂದರೆ ಏನು?

ಕಾಮಿಕ್ಸ್‌ಪೆಟ್ಟಿಗೆ
ಒಂದು ಹರಾಜು ನಡೆಯುತ್ತೆ. ರಾಬಿನ್ ದುಡ್ಡು ಕೂಗುತ್ತಾನೆ, ಬ್ಯಾಟ್‌ಮ್ಯಾನ್ ಅವನಿಗಿಂತ ಜಾಸ್ತಿ ಕೂಗುತ್ತಾನೆ. ಆಮೇಲೆ ಸೊಂಟದ ಪಟ್ಟಿಯಿಂದ ಬ್ಯಾಟ್‌ಮ್ಯಾನ್ ಗುರುತಿನ ಕ್ರೆಡಿಟ್ ಕಾರ್ಡ್ ತೆಗೆಯುತ್ತಾನೆ. ಅವಧಿ ಮುಗಿಯುವ ತಾರೀಖು ಇರಬೇಕಾದ ಜಾಗದಲ್ಲಿ 'ಎಂದೆಂದಿಗೂ' ಅಂತ ಬರೆದಿದೆ. ಗುರುತು ಮುಚ್ಚಿಟ್ಟುಕೊಂಡು ಓಡಾಡುವ ಮನುಷ್ಯನಿಗೆ ಯಾವ ಬ್ಯಾಂಕ್ ಕಾರ್ಡ್ ಕೊಟ್ಟಿತು? ಬಿಲ್ಲು ಯಾರ ಮನೆಗೆ ಹೋಗುತ್ತೆ?

ಬೆಣ್ಣೆದೋಸೆ
ನಂಗೆ ಆಧಾರ್, ಪ್ಯಾನ್, ಮೂರು ತಿಂಗಳ ಸಂಬಳದ ಚೀಟಿ ಎಲ್ಲ ಕೊಟ್ಟರೂ ಕಾರ್ಡ್ ಕೊಡಲಿಲ್ಲ. ಮುಖವಾಡ ಹಾಕ್ಕೊಂಡು ಹೋಗಬೇಕಿತ್ತು ಅನ್ಸುತ್ತೆ.

ರೀಲುಡಬ್ಬ
ಎಲ್ಲರೂ ನಿರ್ದೇಶಕನನ್ನು ಬೈಯುತ್ತಾರೆ, ಸ್ವಲ್ಪ ಹಿನ್ನೆಲೆ ನೋಡಿ. ಟಿಮ್ ಬರ್ಟನ್ ಮಾಡಿದ ಎರಡು ಬ್ಯಾಟ್‌ಮ್ಯಾನ್ ಕತ್ತಲೆ ಕತ್ತಲೆ. ಎರಡನೆಯದನ್ನು ನೋಡಿ ಮಕ್ಕಳು ಹೆದರಿದರು ಅಂತ ಅಪ್ಪ ಅಮ್ಮಂದಿರು ದೂರಿದರು. ಆಗ ಸ್ಟುಡಿಯೋದವರು ಜೋಯಲ್ ಶೂಮಾಕರ್‌ನನ್ನು ಕರೆದರು. 1995ರ ಬ್ಯಾಟ್‌ಮ್ಯಾನ್ ಫಾರೆವರ್ ಸುಮಾರು 33 ಕೋಟಿ ಡಾಲರ್ ದುಡಿಯಿತು. ದುಡಿದ ಮೇಲೆ ಕೇಳಬೇಕೇ? ಇನ್ನೂ ಬಣ್ಣ ಹಾಕು, ಇನ್ನೂ ಗಾಡಿ ತೋರಿಸು, ಆಟಿಕೆ ಮಾರಬೇಕು ಅಂದರು. ಈ ಸಿನಿಮಾದ ಕ್ಲೈಮ್ಯಾಕ್ಸ್‌ನಲ್ಲಿ ಬ್ಯಾಟ್‌ಮ್ಯಾನ್, ರಾಬಿನ್, ಬ್ಯಾಟ್‌ಗರ್ಲ್ ಮೂವರೂ ಇದ್ದಕ್ಕಿದ್ದ ಹಾಗೆ ಬೆಳ್ಳಿ ಪಟ್ಟಿ ಇರುವ ಹೊಸ ಸೂಟ್ ಹಾಕಿಕೊಂಡು ಬರುತ್ತಾರೆ, ಗಮನಿಸಿದ್ದೀರಾ? ಕಥೆಯಲ್ಲಿ ಅದಕ್ಕೆ ಒಂದು ಮಾತಿನ ಕಾರಣವೂ ಇಲ್ಲ. ಅಂಗಡಿಯಲ್ಲಿ ಇನ್ನೊಂದು ಗೊಂಬೆ ಇಡಬಹುದು, ಕಾರಣ ಅದೇ.

ಇದು ದುಡಿದದ್ದು ಸುಮಾರು 23 ಕೋಟಿ 80 ಲಕ್ಷ ಡಾಲರ್. ಕೇಳಲು ದೊಡ್ಡದು, ಆದರೆ ಖರ್ಚಿನ ಮುಂದೆ ಏನೂ ಅಲ್ಲ. ಅರ್ನಾಲ್ಡ್‌ಗೇ ಎರಡೂವರೆ ಕೋಟಿ ಡಾಲರ್ ಕೊಟ್ಟರು ಅಂತ ಆಗ ಸುದ್ದಿ. ಬ್ಯಾಟ್‌ಮ್ಯಾನ್ ಸಿನಿಮಾದಲ್ಲಿ ಹೆಸರು ಮೊದಲು ಬರೋದೂ ಅರ್ನಾಲ್ಡನದೇ, ಬ್ಯಾಟ್‌ಮ್ಯಾನನದಲ್ಲ.

ಕಡಲತಡಿ
ನಾನು ಬೇರೆ ರೀತಿ ಯೋಚಿಸುವುದು ಮಾರಾಯ್ರೆ. ನಮ್ಮ ಕಡೆಯವರಿಗೆ ಈ ಸಿನಿಮಾ ವಿಚಿತ್ರ ಅನ್ನಿಸಲೇಬಾರದು. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ ನೋಡಿದ್ದೀರಲ್ಲ? ಚೌಕಿಯಲ್ಲಿ ಕೂತು ಗಂಟೆಗಟ್ಟಲೆ ಮುಖಕ್ಕೆ ಚುಟ್ಟಿ ಇಡುತ್ತಾರೆ. ಆಮೇಲೆ ದೊಂದಿ ಹಿಡಿದು, ರಾಳದ ಪುಡಿ ಎಸೆದು ಬೆಂಕಿ ಭಗ್ ಅನ್ನಿಸಿ, ಅಬ್ಬರ ಕೊಡುತ್ತಾ ಜನರ ಮಧ್ಯದಿಂದ ರಾಕ್ಷಸ ಬರುವುದು. ಸಣ್ಣವನಿದ್ದಾಗ ನಾನು ಅಮ್ಮನ ಸೆರಗಿನೊಳಗೆ ತಲೆ ತುರುಕಿ ಒಂದು ಕಣ್ಣಲ್ಲಿ ನೋಡುತ್ತಿದ್ದೆ. ಆ ರಾಕ್ಷಸ ನಿಜದ ಹಾಗೆ ಕಾಣುತ್ತಾನಾ ಅಂತ ಯಾರಾದರೂ ಕೇಳಿದ್ದುಂಟಾ?

ಅರ್ನಾಲ್ಡ್ ಬರುವುದೂ ಹಾಗೆಯೇ. ಬಾಯೊಳಗೆ ನೀಲಿ ದೀಪ, ಮೈಮೇಲೆ ವಜ್ರದಿಂದ ಓಡುವ ಕವಚ, ಪ್ರತಿ ಮಾತಿಗೂ ಒಂದು ಮಂಜುಗಡ್ಡೆ ಜೋಕು. ಅದು ಒಡ್ಡೋಲಗ, ವೇಷ ಅಬ್ಬರದಿಂದ ರಂಗಕ್ಕೆ ಬರುವುದು. ಒಡ್ಡೋಲಗಕ್ಕೆ ಲಾಜಿಕ್ ಕೇಳುವುದು ಹೇಗೆ?

ಗಿರ್ಮಿಟ್
ಏನ್ ಹೋಲಿಕೀರಿ ಇದು! ಬಣ್ಣದ ವೇಷದವರು ವರ್ಷಾನುಗಟ್ಟಲೆ ಕಲಿತಿರತಾರ. ಕುಣಿತ ಐತಿ, ತಾಳ ಐತಿ, ಅರ್ಥ ಹೇಳಬೇಕು. ಅರ್ನಾಲ್ಡ್‌ಗ ಯಾವ ತಾಳ ಐತಿ? ನೀವು ಹೇಳೂದು ಕೇಳಿದ್ರ ಯಕ್ಷಗಾನದವರು ಚಂಡಿ ತಗೊಂಡು ಹೊಡಿತಾರ.

ಕಡಲತಡಿ
ಚಂಡಿ ಅಲ್ಲ ಮಾರಾಯ್ರೆ, ಚೆಂಡೆ. ಕಲೆ ಸಮ ಅಂತ ನಾನು ಹೇಳಲೇ ಇಲ್ಲ. ನೋಡುವ ಕಣ್ಣು ಸಮ ಅಂದೆ. ಮೇಳದಲ್ಲಿ ಕೂರುವ ಹಾಗೆ ಕೂತರೆ ಸಿನಿಮಾ ಚಂದ, ಕೋರ್ಟಿನಲ್ಲಿ ಕೂರುವ ಹಾಗೆ ಕೂತರೆ ಇಲ್ಲ.

ಗಿರ್ಮಿಟ್
ಚೆಂಡೆ ಅಂತ ಒಪ್ಕೊಂಡೆ. ಉಳಿದದ್ದು ಒಪ್ಪಂಗಿಲ್ಲ.

ಫ್ರಿಜ್‌ಬಾಗಿಲು
ಕಡಲತಡಿಯವರ ಮಾತು ನನಗೆ ಹಿಡಿಸಿತು. ಒಂದು ಹೇಳೋದು ಮರೆತಿದ್ದೆ. ಅವತ್ತು ನಮ್ಮ ಅಮ್ಮನೂ ಹಾಲ್‌ನಲ್ಲಿದ್ದರು, ಅವರೆಕಾಳು ಬಿಡಿಸುತ್ತಾ. ಇಂಗ್ಲಿಷ್ ಬರಲ್ಲ. ನಾವು ಮೇಲಿಂದ ಮೇಲೆ ನಗೋದು ನೋಡಿ ಸುಮ್ಮನಿದ್ದರು. ಅರ್ನಾಲ್ಡ್ ತನ್ನ ಹೆಂಡತಿ ನೋರಾಳನ್ನು ಗಾಜಿನ ಕೊಳವೆಯಲ್ಲಿ, ನೀರಿನಲ್ಲಿ ಇಟ್ಟಿರೋದು ಬರುತ್ತಲ್ಲ, ಕಾಯಿಲೆಗೆ ಔಷಧಿ ಸಿಗೋವರೆಗೂ ಕಾಯ್ತಾ ಇರೋದು, ಆಗ ಕೈ ನಿಲ್ಲಿಸಿ ಕೇಳಿದರು, 'ಇವನು ಇಷ್ಟೆಲ್ಲ ಮಾಡ್ತಿರೋದು ಹೆಂಡ್ತಿಗೋಸ್ಕರ ತಾನೇ? ಪಾಪ, ಅವನನ್ನ್ಯಾಕೆ ಹೊಡೀತಾರೆ?'

ನನಗೆ ಉತ್ತರ ಗೊತ್ತಾಗಲಿಲ್ಲ.

ಕಾಮಿಕ್ಸ್‌ಪೆಟ್ಟಿಗೆ
ನಿಮ್ಮ ಅಮ್ಮನಿಗೆ ನಮಸ್ಕಾರ ಹೇಳಿ. ಆದರೆ ಆ ಹೆಗ್ಗಳಿಕೆ ಈ ಸಿನಿಮಾಗೆ ಕೊಡಬೇಡಿ. ನೋರಾ ಕಥೆ ಬಂದದ್ದು 1992ರ ಬ್ಯಾಟ್‌ಮ್ಯಾನ್ ಕಾರ್ಟೂನ್ ಸರಣಿಯಿಂದ. ಹಾರ್ಟ್ ಆಫ್ ಐಸ್ ಅಂತ ಒಂದು ಕಂತು, ಬರೆದದ್ದು ಪಾಲ್ ಡೀನಿ. ಅದಕ್ಕೆ ಎಮ್ಮಿ ಪ್ರಶಸ್ತಿ ಬಂತು. ಅದಕ್ಕೂ ಮುಂಚೆ ಮಿಸ್ಟರ್ ಫ್ರೀಜ್ ಅಂದರೆ ಹಿಮದ ಬಂದೂಕು ಹಿಡಿದ ಯಾವನೋ ಒಬ್ಬ ಕಳ್ಳ. ಹೆಂಡತಿಯ ಕಥೆ ಸೇರಿಸಿ ಅವನನ್ನು ಮನುಷ್ಯ ಮಾಡಿದ್ದು ಆ ಕಾರ್ಟೂನು. ಅರ್ಧ ಗಂಟೆಯೂ ಇಲ್ಲ ಅದು. ಆ ದುಃಖವನ್ನು ತೆಗೆದುಕೊಂಡು ಬಂದು ಇವರು ಅವನ ಕೈಯಲ್ಲಿ ಸ್ನೋ ಮೈಸರ್ ಅನ್ನೋ ಹಳೇ ಕ್ರಿಸ್‌ಮಸ್ ಹಾಡಿನ ಬ್ಯಾಂಡ್ ನಡೆಸಿದರು. ಚಳಿ ಉಡುಪು ಹಾಕಿದ ರೌಡಿಗಳೆಲ್ಲ ನಡುಗುತ್ತಾ ಹಾಡಬೇಕು, ಇವನು ಚಪ್ಪಲಿ ಹಾಕಿಕೊಂಡು ಕೋಲು ಆಡಿಸಬೇಕು.

ಸುಮ್ನೆ_ಓದುವವಳು
ಆ ಚಪ್ಪಲಿ ಹಿಮಕರಡಿಯ ತಲೆ ಇರೋದು ಅಲ್ವಾ? ನಂಗೆ ಬೇಕು ಅದು.

ರೀಲುಡಬ್ಬ
ಫ್ರಿಜ್‌ಬಾಗಿಲು, ನಿಮ್ಮ ಅಮ್ಮ ಹಿಡಿದದ್ದು ಸರಿಯಾದ ಎಳೆ. ಈ ಸಿನಿಮಾದ ಒಳಗೆ ಇನ್ನೊಂದು ಸಣ್ಣ ಸಿನಿಮಾ ಇದೆ. ಅದು ಆಲ್ಫ್ರೆಡ್‌ನ ಕಥೆ. ಆಲ್ಫ್ರೆಡ್‌ಗೂ ನೋರಾಗೂ ಒಂದೇ ಕಾಯಿಲೆ. ಬ್ಯಾಟ್‌ಮ್ಯಾನ್ ಮುಖವಾಡ ತೆಗೆದು ಹಾಸಿಗೆ ಪಕ್ಕ ಕೂತು ಮಾತಾಡುತ್ತಾನೆ. ಆಗ ಕ್ಲೂನಿ ನಟಿಸುತ್ತಾನೆ ಸ್ವಾಮಿ, ನಿಜವಾಗಿ ನಟಿಸುತ್ತಾನೆ. ಮೈಕೆಲ್ ಗಾಫ್ ಆಲ್ಫ್ರೆಡ್ ಆಗಿ ನಾಲ್ಕೂ ಸಿನಿಮಾದಲ್ಲಿ ಇದ್ದವರು. ಬ್ಯಾಟ್‌ಮ್ಯಾನ್‌ಗಳು ಮೂವರು ಬಂದು ಹೋದರು, ಕೀಟನ್, ಕಿಲ್ಮರ್, ಕ್ಲೂನಿ. ಆಲ್ಫ್ರೆಡ್ ಮಾತ್ರ ಒಬ್ಬರೇ. ಕೊನೆಗೆ ಫ್ರೀಜ್ ತನ್ನ ಕವಚದಿಂದ ಎರಡು ಸಣ್ಣ ಸೀಸೆ ತೆಗೆದು ಕೊಡುತ್ತಾನೆ, ಆಲ್ಫ್ರೆಡ್ ಉಳಿಯುತ್ತಾರೆ. ಸುತ್ತಲೂ ನಿಯಾನ್ ಬಣ್ಣ, ರಬ್ಬರು, ಗದ್ದಲ. ಮಧ್ಯದಲ್ಲಿ ಮುದುಕರೊಬ್ಬರು ಸಾಯುತ್ತಾ ಮಲಗಿದ್ದಾರೆ. ಪೂರ್ತಿ ಕೆಟ್ಟ ಸಿನಿಮಾದಲ್ಲಿ ಇದು ಇರಲ್ಲ.

ಮಂಡ್ಯಸಕ್ರೆ
ನನ್ ಮಾತು ಯಾರಿಗೂ ಇಷ್ಟ ಆಗಲ್ಲ, ಆದರೂ ಹೇಳ್ತೀನಿ. ಹೀಗೆ ಕೆಟ್ಟದ್ದನ್ನು ಮುದ್ದು ಮಾಡೋದರಿಂದಲೇ ಕೆಟ್ಟ ಸಿನಿಮಾ ಬರೋದು. ನೀವು ನಗ್ತಾ ನಗ್ತಾ ನೋಡ್ತೀರಿ, ಅವರು ಲೆಕ್ಕ ಬರ್ಕೋತಾರೆ. ದುಡ್ಡು ದುಡ್ಡೇ ಅಲ್ವಾ, ನಕ್ಕು ಕೊಟ್ಟರೂ ಅತ್ತು ಕೊಟ್ಟರೂ?

ರೀಲುಡಬ್ಬ
ಆಗಿದ್ದು ಉಲ್ಟಾ. ಈ ಸಿನಿಮಾ ಬಿದ್ದ ಏಟಿಗೆ ಮುಂದಿನ ಭಾಗ ರದ್ದಾಯಿತು. 2005ರವರೆಗೆ ಬ್ಯಾಟ್‌ಮ್ಯಾನ್ ಸಿನಿಮಾ ಬರಲೇ ಇಲ್ಲ, ಎಂಟು ವರ್ಷ! ಆಮೇಲೆ ಕ್ರಿಸ್ಟೋಫರ್ ನೋಲನ್ ಅನ್ನೋ ನಿರ್ದೇಶಕ ಬಂದು ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದ. ಶೂಮಾಕರ್ ಮುಂದೆ ಡಿವಿಡಿಯಲ್ಲಿ ಕ್ಷಮೆ ಕೇಳಿದ, 2020ರಲ್ಲಿ ತೀರಿಕೊಂಡ. ಕ್ಲೂನಿ ಅಂತೂ ಸಿಕ್ಕ ಸಿಕ್ಕ ಸಂದರ್ಶನದಲ್ಲಿ ಕ್ಷಮೆ ಕೇಳುತ್ತಲೇ ಇದ್ದಾನೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ. 2022ರಲ್ಲಿ ಮಾರ್ಬಿಯಸ್ ಅನ್ನೋ ಕೆಟ್ಟ ಸೂಪರ್‌ಹೀರೋ ಸಿನಿಮಾ ಬಂತು. ಜನ ಇಂಟರ್‌ನೆಟ್ಟಿನಲ್ಲಿ ಅದರ ಮೇಲೆ ಸಾವಿರ ಜೋಕು ಮಾಡಿದರು. ಸ್ಟುಡಿಯೋದವರು ಓಹೋ ಇಷ್ಟೊಂದು ಪ್ರೀತಿನಾ ಅಂದುಕೊಂಡು ಜೂನ್‌ನಲ್ಲಿ ಅಮೆರಿಕದ ಸಾವಿರ ಚಿತ್ರಮಂದಿರದಲ್ಲಿ ಮತ್ತೆ ಹಾಕಿದರು. ಆ ವಾರಾಂತ್ಯಕ್ಕೆ ಬಂದದ್ದು ಮೂರು ಲಕ್ಷ ಡಾಲರ್ ಆಸುಪಾಸು. ಒಂದು ಚಿತ್ರಮಂದಿರಕ್ಕೆ ಲೆಕ್ಕ ಹಾಕಿ, ಮೂರು ದಿನಕ್ಕೆ ಮುನ್ನೂರು ಡಾಲರ್. ನಗೋರು ಟಿಕೆಟ್ ತಗೊಳ್ಳಲ್ಲ ಮಂಡ್ಯದೋರೆ.

ಮಂಡ್ಯಸಕ್ರೆ
ಆಯ್ತು ಬಿಡಿ, ಲೆಕ್ಕದಲ್ಲಿ ಸೋತೆ. ಆದರೂ ನಾನು ನೋಡಲ್ಲ.

ಬೆಣ್ಣೆದೋಸೆ
ನೋಡಬೇಡಿ ಸಾರ್, ಸಕ್ಕರೆ ಕಾಯಿಲೆ ಬರುತ್ತೆ.

ಇಂಗ್ಲೆಂಡ್_ಮಳೆ
ಕೆಟ್ಟ ಸೂಪರ್‌ಹೀರೋ ಸಿನಿಮಾ ಅಂದಾಗ ನಾನು ಮಾತಾಡಲೇಬೇಕು. ಯಾಕೆಂದರೆ ನಾನು ಅಂಥದ್ದೊಂದರ ಸೆಟ್ಟಿನಲ್ಲೇ ವಾಸ ಮಾಡುತ್ತಿದ್ದೇನೆ.

1987ರ ಸೂಪರ್‌ಮ್ಯಾನ್ 4. ಕ್ಯಾನನ್ ಅನ್ನೋ ಕಂಪನಿ ತೆಗೆದದ್ದು. ಮೊದಲು 3 ಕೋಟಿ 60 ಲಕ್ಷ ಡಾಲರ್ ಖರ್ಚು ಮಾಡುತ್ತೇವೆ ಅಂದವರು ಆಮೇಲೆ ಸುಮಾರು 1 ಕೋಟಿ 70 ಲಕ್ಷಕ್ಕೆ ಇಳಿಸಿದರು. ನ್ಯೂಯಾರ್ಕಿಗೆ ಹೋಗಲು ದುಡ್ಡಿಲ್ಲ. ಹಾಗಾಗಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ತೆಗೆದರು. ವಿಶ್ವಸಂಸ್ಥೆಯ ಕಟ್ಟಡ ಅಂತ ತೋರಿಸಿರೋದು ಇಲ್ಲಿನ ರೈಲ್ವೇ ಸ್ಟೇಷನ್ನು!

ನಾನು ವಾರಕ್ಕೆ ಮೂರು ದಿನ ಆ ಸ್ಟೇಷನ್‌ನಿಂದ ಲಂಡನ್ ಯೂಸ್ಟನ್‌ಗೆ ರೈಲು ಹಿಡಿಯುತ್ತೇನೆ. ಗಾಜಿನ ಕಟ್ಟಡ, ಮುಂದೆ ಕಲ್ಲು ಹಾಸಿದ ಅಗಲವಾದ ಜಾಗ. ಸೂಪರ್‌ಮ್ಯಾನ್ ಜಗತ್ತಿನ ಅಣ್ವಸ್ತ್ರಗಳನ್ನೆಲ್ಲ ನಾಶ ಮಾಡುತ್ತೇನೆ ಅಂತ ಘೋಷಿಸಲು ನಡೆದುಕೊಂಡು ಬರೋದು ಅಲ್ಲೇ. ಮಳೆಯಲ್ಲಿ ಕಿವಿಗೆ ಟೋಪಿ ಎಳೆದುಕೊಂಡು, ಡಬ್ಬಿಯಲ್ಲಿ ಚಿತ್ರಾನ್ನ ಇಟ್ಟುಕೊಂಡು ಅದೇ ಜಾಗ ದಾಟುವಾಗ ನನಗೆ ನಗು ಬರುತ್ತದೆ. ರೈಲು ತಡ ಆದ ದಿನ ಕೂಡ.

ಆ ಸಿನಿಮಾದಲ್ಲಿ ಹಾರುವ ಒಂದೇ ಶಾಟನ್ನು ಎಷ್ಟು ಸಲ ಬಳಸಿದ್ದಾರೆ ಅಂತ ಎಣಿಸಲು ಹೋಗಿ ಬಿಟ್ಟುಬಿಟ್ಟೆ. ಖಳನಾಯಕ ಒಬ್ಬಳು ಹೆಂಗಸನ್ನು ಎತ್ತಿಕೊಂಡು ಅಂತರಿಕ್ಷಕ್ಕೆ ಹೋಗುತ್ತಾನೆ. ಅವಳು ಅಲ್ಲಿ ಆರಾಮಾಗಿ ಉಸಿರಾಡುತ್ತಿರುತ್ತಾಳೆ. ಚೀನಾದ ಮಹಾಗೋಡೆ ಒಡೆದರೆ ಸೂಪರ್‌ಮ್ಯಾನ್ ಕಣ್ಣಲ್ಲಿ ನೋಡಿ ಇಟ್ಟಿಗೆ ಜೋಡಿಸುತ್ತಾನೆ. ಆದರೆ ಸೂಪರ್‌ಮ್ಯಾನ್ ಆಗಿರುವ ಕ್ರಿಸ್ಟೋಫರ್ ರೀವ್ ಮುಖ ನೋಡಿ. ಸುತ್ತ ಇರುವ ಎಲ್ಲವೂ ಅಗ್ಗದ್ದು, ಆ ಮನುಷ್ಯ ಮಾತ್ರ ಒಂದು ಕ್ಷಣವೂ ಅಗ್ಗವಾಗಿ ನಟಿಸಲ್ಲ. ಕಥೆಯಲ್ಲೂ ಅವನ ಪಾಲಿತ್ತು, ಅಣ್ವಸ್ತ್ರದ ವಿಷಯ ಅವನಿಗೆ ನಿಜವಾಗಿ ಮನಸ್ಸಿನಲ್ಲಿತ್ತು.

ಸುಮ್ನೆ_ಓದುವವಳು
ಸ್ಟೇಷನ್ ಫೋಟೋ ಹಾಕಿ ಪ್ಲೀಸ್. ಚಿತ್ರಾನ್ನದ್ದೂ.

ಕಾಮಿಕ್ಸ್‌ಪೆಟ್ಟಿಗೆ
ಈಗ ನನಗೊಂದು ವಿಷಯ ಹೊಳೀತಿದೆ. ಕೆಟ್ಟದ್ದರಲ್ಲಿ ನನಗೆ ತಡೆಯಲು ಆಗದ್ದು ಯಾವುದು ಅಂದರೆ 2011ರ ಗ್ರೀನ್ ಲ್ಯಾಂಟರ್ನ್. ಹೀರೋ ಸೂಟೇ ಕಂಪ್ಯೂಟರ್‌ನಲ್ಲಿ ಬರೆದದ್ದು. ಏನು ಬೇಕಾದರೂ ಸೃಷ್ಟಿಸುವ ಉಂಗುರ ಕೈಯಲ್ಲಿದೆ, ಅದರಿಂದ ಅವನು ಮಾಡೋದು ಆಟದ ಕಾರಿನ ಟ್ರ್ಯಾಕು. ಅದರಲ್ಲಿ ಬ್ಯಾಟ್‌ಮ್ಯಾನ್ ಅಂಡ್ ರಾಬಿನ್‌ಗಿಂತ ತಪ್ಪು ಕಮ್ಮಿಯೇ ಇರಬಹುದು. ಆದರೂ ನೆನಪಿನಲ್ಲಿ ಒಂದೂ ಉಳಿದಿಲ್ಲ. ಕ್ರೆಡಿಟ್ ಕಾರ್ಡ್ ಮಾತ್ರ ನೆನಪಿದೆ, ಬೈಯಲಿಕ್ಕಾದರೂ.

ಕಡಲತಡಿ
ಅದನ್ನೇ ಹೇಳಿದ್ದು ನಾನು.

ಕಾಮಿಕ್ಸ್‌ಪೆಟ್ಟಿಗೆ
ನೀವು ಹೇಳಿದ್ದು ಯಕ್ಷಗಾನ.

ಗಿರ್ಮಿಟ್
ನಾ ಒಂದು ಹೇಳ್ಲ್ಯಾ? ರೊಕ್ಕ ಇದ್ದು ಕೆಡಿಸಿದ್ದಕ್ಕೂ ರೊಕ್ಕ ಇಲ್ಲದ ಕೆಟ್ಟದ್ದಕ್ಕೂ ಫರಕ್ ಐತಿ. ಮಹಾರಾಷ್ಟ್ರದ ಮಾಲೆಗಾಂವ್ ಕೇಳೀರೇನು, ಪವರ್‌ಲೂಮ್ ಮಗ್ಗದ ಊರು. ಅಲ್ಲಿ ನಾಸಿರ್ ಶೇಖ್ ಅಂತ ಒಬ್ಬಾತ, ಊರ ಮಂದೀನ್ನ ಹಾಕ್ಕೊಂಡು ದೊಡ್ಡ ಸಿನಿಮಾಗಳ ನಕಲು ತೆಗೀತಿದ್ದ. ಸೂಪರ್‌ಮ್ಯಾನೂ ತೆಗದಾ. ಹೀರೋ ಮಗ್ಗದಾಗ ದುಡಿಯೋ ಸಣಕಲು ಹುಡುಗ ಶಫೀಕ್. ಅವರು ಅದನ್ನ ತೆಗೆಯೋದರ ಬಗ್ಗೆನೇ ಫೈಜಾ ಅಹ್ಮದ್ ಖಾನ್ ಸೂಪರ್‌ಮೆನ್ ಆಫ್ ಮಾಲೆಗಾಂವ್ ಅಂತ ಸಾಕ್ಷ್ಯಚಿತ್ರ ಮಾಡ್ಯಾರ. ಹಿಂದೆ ಹಸಿರು ಅರಿವಿ ಕಟ್ಟಿ ಅವನ್ನ ಹಾರಿಸ್ತಾರ. ನಕ್ಕೊಂತ ನಕ್ಕೊಂತ ಕಣ್ಣಾಗ ನೀರು ಬಂತು ನನಗ. ಶಫೀಕ್ ಕ್ಯಾನ್ಸರ್‌ನಿಂದ ತೀರಕೊಂಡ. ಆ ಸಿನಿಮಾಕ್ಕ ಕೆಟ್ಟದ್ದು ಅನ್ನೋ ಧೈರ್ಯ ನನಗಿಲ್ಲ.

ಫ್ರಿಜ್‌ಬಾಗಿಲು
ಅದನ್ನು ಇವತ್ತೇ ಹುಡುಕುತ್ತೇನೆ.

ಮಂಡ್ಯಸಕ್ರೆ
ನಕಲು ಅಂದಿದ್ದಕ್ಕೆ ನೆನಪಾಯ್ತು. 1980ರಲ್ಲಿ ಎನ್‌ಟಿಆರ್ ತೆಲುಗಿನಲ್ಲಿ ಸೂಪರ್‌ಮ್ಯಾನ್ ಆಗಿದ್ದರು. ಅಲ್ಲಿ ಶಕ್ತಿ ಕೊಡೋದು ಸೂಪರ್‌ಮ್ಯಾನ್ ಹುಟ್ಟಿದ ಕ್ರಿಪ್ಟಾನ್ ಗ್ರಹ ಅಲ್ಲ, ಹನುಮಂತ. ಇದು ಮಾತ್ರ ಲಾಜಿಕ್ ಅಂದ್ರೆ. ಹಾರೋ ದೇವರು ಇರೋವಾಗ ಬೇರೆ ಗ್ರಹ ಯಾಕೆ?

ಬೆಣ್ಣೆದೋಸೆ
ಕೆಟ್ಟ ಸಿನಿಮಾ ನೋಡಲ್ಲ ಅಂದವರು ಇದನ್ನ ಯಾವಾಗ ನೋಡಿದ್ರಿ ಸಾರ್?

ಮಂಡ್ಯಸಕ್ರೆ
ಅದು ಭಕ್ತಿ.

ಸುಮ್ನೆ_ಓದುವವಳು
ನನ್ನದೊಂದು ಬೇರೆ ಪ್ರಶ್ನೆ. ಫ್ರಿಜ್‌ಬಾಗಿಲು ಅವರ ಅಮ್ಮನಿಗೆ ಮಾತು ಅರ್ಥ ಆಗದೇ ಕಥೆ ಅರ್ಥ ಆಯ್ತು. ಕನ್ನಡದಲ್ಲೇ ಇದ್ದಿದ್ದರೆ ಆ ಮಂಜುಗಡ್ಡೆ ಜೋಕುಗಳು ಹೇಗಿರುತ್ತಿದ್ದವು?

ರೀಲುಡಬ್ಬ
ಆಗ ಸಾಧ್ಯವೇ ಇರಲಿಲ್ಲ. ದಶಕಗಟ್ಟಲೆ ಕನ್ನಡಕ್ಕೆ ಡಬ್ಬಿಂಗ್ ಮಾಡಲು ಚಿತ್ರರಂಗದವರೇ ಬಿಡುತ್ತಿರಲಿಲ್ಲ. 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗುವುದನ್ನು ತಡೆಯುವ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ದಾರಿ ತೆರೆಯಿತು. 2023ರ ಸ್ಪೈಡರ್‌ಮ್ಯಾನ್ ಕಾರ್ಟೂನ್ ಸಿನಿಮಾ ಹತ್ತು ಭಾಷೆಯಲ್ಲಿ ಬಂದಾಗ ಅದರಲ್ಲಿ ಕನ್ನಡವೂ ಇತ್ತು.

ಮಂಡ್ಯಸಕ್ರೆ
ಡಬ್ಬಿಂಗ್ ವಿಷಯ ತೆಗೀಬೇಡಿ, ಈ ಎಳೆ ಇನ್ನೂರು ಕಾಮೆಂಟ್ ದಾಟುತ್ತೆ.

ಬೆಣ್ಣೆದೋಸೆ
'ಏನ್ ಮಗಾ, ತಣ್ಣಗಾದ್ಯಾ?' ಅಷ್ಟೇ. ಡಬ್ಬಿಂಗ್ ಮುಗೀತು. ನನ್ನ ಸಂಭಾವನೆ ಎರಡೂವರೆ ಕೋಟಿ ಡಾಲರ್.

ಕಡಲತಡಿ
'ನಿನ್ನನ್ನು ಐಸ್ ಕ್ಯಾಂಡಿ ಮಾಡಿ ಕಡ್ಡಿ ಚುಚ್ಚುತ್ತೇನೆ!' ಅಬ್ಬರ, ಚೆಂಡೆ, ಪ್ರವೇಶ.

ಗಿರ್ಮಿಟ್
ಇದಕ್ಕ ನಾ ಚಪ್ಪಾಳಿ ಹೊಡಿತೀನಿ ನೋಡ್ರಿ.

ಫ್ರಿಜ್‌ಬಾಗಿಲು
ಮೇಲಿನದ್ದನ್ನು ಮಗಳಿಗೆ ಓದಿ ಹೇಳಿದೆ, ತಪ್ಪಾಯಿತು. ನಿನ್ನೆಯಿಂದ ಪುಟ್ಟ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಸ್ಟೀಲ್ ಜರಡಿ ಎದೆಗೆ ಕಟ್ಟಿಕೊಂಡು ಮನೆ ತುಂಬಾ ಓಡಾಡುತ್ತಿದ್ದಾಳೆ. ಅಜ್ಜಿ ಬಿಡಿಸಿಟ್ಟ ಅವರೆಕಾಳನ್ನು ಬಟ್ಟಲು ಸಮೇತ ಫ್ರೀಜರ್‌ಗೆ ಹಾಕಿ ಬಾಗಿಲ ಮುಂದೆ ಕಾವಲು ನಿಂತಿದ್ದಳು. ರಾತ್ರಿ ಸಾರಿಗೆ ಕಾಳಿಲ್ಲ, ಎಲ್ಲ ಕಲ್ಲು.

ನಮ್ಮಮ್ಮ ಬೈಯಲಿಲ್ಲ. 'ಒಳಗೆ ಯಾರನ್ನ ಇಟ್ಟಿದ್ದೀಯಮ್ಮ?' ಅಂತ ಕೇಳಿದರು. ಇವಳು, 'ನೋರಾ. ಔಷಧಿ ಸಿಗೋವರೆಗೂ ತೆಗೆಯಂಗಿಲ್ಲ' ಅಂದಳು.

ಇಂಗ್ಲೆಂಡ್_ಮಳೆ
ಫೋಟೋ ತೆಗೆದೆ, ಆದರೆ ಮಳೆ, ಏನೂ ಕಾಣಿಸುತ್ತಿಲ್ಲ. ಚಿತ್ರಾನ್ನ ಮಾತ್ರ ಚೆನ್ನಾಗಿ ಬಂದಿದೆ. ಅಂದಹಾಗೆ ಮುಂದಿನ ಭಾನುವಾರ ಅವರಿಬ್ಬರಿಗೂ ಸೂಪರ್‌ಮ್ಯಾನ್ 4 ತೋರಿಸಿ.

ಫ್ರಿಜ್‌ಬಾಗಿಲು
ಕೇಳಿದೆ. ಮಗಳು ರೆಡಿ. ಅಮ್ಮ ಮಾತ್ರ, 'ಅದರಲ್ಲಿ ಆ ಮುದುಕಪ್ಪ ಇದ್ದಾರಾ, ಹುಷಾರಾದ್ರಲ್ಲ, ಅವರು?' ಅಂತ ಕೇಳುತ್ತಿದ್ದಾರೆ. ಇಲ್ಲ ಅಂದೆ. 'ಹಾಗಾದ್ರೆ ನೀವು ನೋಡ್ಕೊಳ್ಳಿ' ಅಂದರು.